ನನಗೆ ಮಾತ್ರ ಜಗ್ಗುವ ಕಾರು

ನಮ್ಮ ಕಾರಿಗೆ ನನ್ನ ಮೇಲೆ ಅದೇನು ಸಿಟ್ಟಿತ್ತೋ, ನಾನು ಓಡಿಸಿದರೆ ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಜಗ್ಗುತ್ತಿತ್ತು. ನನ್ನ ಷಡ್ಡಕ ಓಡಿಸಿದರೆ ತೊಟ್ಟಿಲಲ್ಲಿ ಮಲಗಿದ ಮಗುವಿಗೂ ಎಚ್ಚರವಾಗುತ್ತಿರಲಿಲ್ಲ. ಕಾರು ನಮ್ಮದು, ಪೆಟ್ರೋಲು ನಮ್ಮದು, ಒರೆಸಿ ತೊಳೆಯುವವನು ನಾನು. ಒಳ್ಳೆಯ ಹೆಸರು ಮಾತ್ರ ಅವನಿಗೆ.

ಷಡ್ಡಕನೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ಪಕ್ಕದ ಬೀದಿಯಲ್ಲಿ ಮನೆ, ಮೂಲೆಯಲ್ಲಿ ಔಷಧಿ ಅಂಗಡಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಸಂಬಂಧದಲ್ಲಿ ದೊಡ್ಡವನು. ಹಾಗಾಗಿ ಬಾಯಲ್ಲಿ 'ಅವರು', ಮನಸ್ಸಿನಲ್ಲಿ 'ಅವನು'. ಮೆಲ್ಲಗೆ ಮಾತಾಡುತ್ತಾನೆ, ಎಲ್ಲರ ಔಷಧಿಯ ಹೆಸರೂ ನೆನಪಿಟ್ಟುಕೊಳ್ಳುತ್ತಾನೆ, ಯಾರ ಮನೆಗೆ ಹೋದರೂ ಕುಡಿದ ಲೋಟವನ್ನು ತಾನೇ ಒಳಗಿಟ್ಟು ಬರುತ್ತಾನೆ. ನಮ್ಮ ಮನೆಯಲ್ಲೇ ಇರುವ ಅತ್ತೆ ಅವನನ್ನು ಕರೆಯುವುದೇ 'ಬಂಗಾರ' ಎಂದು. ನನ್ನನ್ನು ಪರಿಚಯಿಸುವಾಗ 'ಇವರು ನಮ್ಮ ಎರಡನೇ ಅಳಿಯ, ಬಸ್ಸು ಓಡಿಸ್ತಿದ್ರು' ಎನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇಲ್ಲ, ಅದೇ ನನಗೆ ಇನ್ನೂ ಉರಿಯುವುದು.

ಹೌದು, ಬಸ್ಸು ಓಡಿಸುತ್ತಿದ್ದೆ. ಕೂದಲು ಕಪ್ಪಗಿದ್ದಾಗ ಹಿಡಿದ ಸ್ಟೇರಿಂಗನ್ನು ನಿವೃತ್ತಿಯ ದಿನವೇ ಬಿಟ್ಟದ್ದು. ಕ್ಲಚ್ ತುಳಿದು ತುಳಿದು ಎಡ ಮೊಣಕಾಲು ಸವೆದಿತ್ತು. ಅಷ್ಟರಲ್ಲಿ ನನ್ನ ಹೆಂಡತಿಯ ಕೇಕಿನ ವ್ಯಾಪಾರ ಚೆನ್ನಾಗಿ ಕುದುರಿತ್ತು. ನಮ್ಮ ಅಡುಗೆಮನೆಯಲ್ಲಿ ಈಗ ಅಡುಗೆಗೆ ಜಾಗವೇ ಇಲ್ಲ. ಎಲ್ಲೆಲ್ಲೂ ಬೆಣ್ಣೆ, ಸಕ್ಕರೆ ಪುಡಿ, ತಿರುಗುವ ತಟ್ಟೆ. ತನ್ನ ದುಡಿಮೆಯಲ್ಲೇ ಅವಳು ಈ ಹಳೆಯ ಕಾರು ಕೊಂಡಳು. 'ಕ್ಲಚ್ ಇಲ್ಲದ್ದೇ ಇರಲಿ, ನಿಮ್ಮ ಮೊಣಕಾಲಿಗೆ ಆರಾಮ' ಎಂದು ಆಟೊಮ್ಯಾಟಿಕ್ಕನ್ನೇ ಹುಡುಕಿಸಿದ್ದಳು. ಅವಳಿಗೆ ಓಡಿಸಲು ಬರುವುದಿಲ್ಲ. ಅವಳು ಹಿಂದಿನ ಸೀಟಿನಲ್ಲಿ ಕೇಕು ಹಿಡಿದು ಕೂರುವುದು, ನಾನು ಮುಂದೆ ಕೂತು ಗಿರಾಕಿಯ ಮನೆ ಮುಟ್ಟಿಸುವುದು. ನಿವೃತ್ತಿಯ ಮೇಲೆ ನನಗೆ ಸಿಕ್ಕ ಕೆಲಸ ಅದೊಂದೇ. ಅದೂ ಹೋದರೆ ಮನೆಯಲ್ಲಿ ನನಗೂ ಮೂಲೆಯ ಕುರ್ಚಿಗೂ ವ್ಯತ್ಯಾಸ ಇರುವುದಿಲ್ಲ.

ಕೇಕೆಂದರೆ ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಸಂಜೆ ಕಾರು ಜಗ್ಗಿದ ರಭಸಕ್ಕೆ ಎರಡಂತಸ್ತಿನ ಕೇಕಿನ ಮೇಲಂತಸ್ತು ಜಾರಿ ಡಬ್ಬದ ಗೋಡೆಗೆ ಅಂಟಿತು. ಅವಳು ಗಿರಾಕಿಯ ಮನೆಯ ಮೆಟ್ಟಿಲ ಮೇಲೆ ಕೂತು, ಕೈಚೀಲದಲ್ಲಿದ್ದ ಕ್ರೀಮು ಮೆತ್ತಿ ಮಾನ ಉಳಿಸಿಕೊಂಡಳು. ನನಗೆ ಒಂದು ಮಾತೂ ಅನ್ನಲಿಲ್ಲ. ಮುಂದಿನ ವಾರ ನನಗೆ ಜ್ವರ. ಷಡ್ಡಕ ಅಂಗಡಿ ಮುಚ್ಚಿ ಬಂದು ಕಾರು ತೆಗೆದ. ವಾಪಸು ಬಂದವಳು ಚಪ್ಪಲಿ ಬಿಡುತ್ತಲೇ, ಭಾವ ಓಡಿಸಿದರೆ ಗೇರು ಬದಲಾದದ್ದೇ ಗೊತ್ತಾಗಲ್ಲ ಎಂದಳು. ಅತ್ತೆ ಸೋಫಾದಿಂದಲೇ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗೋಡೆಗೆ ಹೇಳಿದರು. ಇಳಿದಿದ್ದ ಜ್ವರ ಮತ್ತೆ ಏರಿತು.

ಆಮೇಲೆ ನಾನು ಆ ಕಾರಿನ ಬೆನ್ನು ಬಿಡಲಿಲ್ಲ. ದೊಡ್ಡ ವರ್ಕ್‌ಶಾಪಿನವರು ಗೇರ್‌ಬಾಕ್ಸು ಇಳಿಸಿ ಬಿಚ್ಚಬೇಕು ಎಂದು ಹೇಳಿದ ಖರ್ಚು ಕೇಳಿದರೆ ಮೂಗಿಗಿಂತ ಮೂಗುತಿ ಭಾರ. ಆ ಹಣದಲ್ಲಿ ಇನ್ನೊಂದು ಹಳೆಯ ಕಾರು ಬರುತ್ತಿತ್ತು. ಹಾಗಾಗಿ ಅಗ್ಗದ ದಾರಿಗಳನ್ನು ಒಂದೊಂದಾಗಿ ಹಿಡಿದೆ. ಗೇರಿನ ಎಣ್ಣೆ ಬದಲಿಸಿದೆ. ಕಪ್ಪಗೆ ಸೀದು ನಾರುತ್ತಿದ್ದದ್ದು ಹೋಗಿ ಕೆಂಪಗಿನ ಹೊಸದು ಬಂತು, ಜಗ್ಗು ಹೋಗಲಿಲ್ಲ. ಎಂಜಿನ್ನಿನ ಕೆಳಗಿನ ರಬ್ಬರು ಬದಲಿಸಿದೆ. ಫೋನಿನಲ್ಲಿ ವಿಡಿಯೊ ನೋಡಿಕೊಂಡು ಸೆನ್ಸರಿನ ಪ್ಲಗ್ಗು ಕಿತ್ತು, ಸ್ಪ್ರೇ ಹೊಡೆದು, ಒರೆಸಿ ಹಾಕಿದೆ. ನಡುವೆ ಬ್ರೇಕಿನ ಪ್ಯಾಡು ಇಷ್ಟು ಬೇಗ ಸವೆದಿದೆಯಲ್ಲ ಎಂದು ಬೀದಿಯ ಮೆಕ್ಯಾನಿಕ್ಕು ತಲೆ ಕೆರೆದುಕೊಂಡಾಗ, ಹೋದ ಸಲ ನೀನು ಹಾಕಿದ್ದು ಕಳಪೆ ಮಾಲು ಎಂದು ಅವನ ಮೇಲೆಯೇ ಹಾರಾಡಿದೆ. ಷಡ್ಡಕನ ಕಾಲಿಗೆ ತಲೆಬಾಗುವ ಕಾರು ನನ್ನ ಕಾಲಿಗೆ ಯಾಕೆ ಬಾಗುವುದಿಲ್ಲ ಎಂಬ ಒಂದೇ ಚಿಂತೆ. ಊಟಕ್ಕೆ ಕೂತರೆ ಅದೇ, ಸ್ನಾನಕ್ಕೆ ನಿಂತರೆ ಅದೇ.

ಹೀಗಿರುವಾಗ ಹೆಂಡತಿ ಒಂದು ದಿನ ಹಿಟ್ಟು ಜರಡಿ ಹಿಡಿಯುತ್ತಾ, ಗೇರನ್ನೇ ನೋಡುವವರೊಬ್ಬರು ಇದ್ದಾರಂತೆ, ಜಾಸ್ತಿ ಸುಲಿಯುವುದಿಲ್ಲವಂತೆ, ಒಮ್ಮೆ ತೋರಿಸಿ ಎಂದಳು. ಹೋದೆ. ಬೋರ್ಡಿನಲ್ಲಿ 'ಗೇರ್ ಡಾಕ್ಟರ್' ಎಂದಿತ್ತು. ಡಾಕ್ಟರು ಕಾರಿಗೆ ವೈರು ಚುಚ್ಚಿ, ಪಕ್ಕದಲ್ಲಿ ಕೂತು ನನ್ನಿಂದ ಒಂದು ಸುತ್ತು ಓಡಿಸಿ, ಆಮೇಲೆ ಗಂಭೀರವಾಗಿ ಕಾಯಿಲೆ ಹೇಳಿದ. ಈ ಕಾರಿನ ಗೇರ್‌ಬಾಕ್ಸಿಗೆ ಒಂದು ಕಂಪ್ಯೂಟರು ಇದೆ, ಅದು ಓಡಿಸುವವನ ಕಾಲು ಕಲಿಯುತ್ತದೆ, ಇದು ತಪ್ಪು ಕಲಿತಿದೆ. ಕಲಿತದ್ದನ್ನು ಅಳಿಸಿ ಹೊಸದಾಗಿ ಕಲಿಸಬೇಕು. ಕಲಿಯುವಾಗ ಎಡಗಾಲನ್ನು ಪೂರಾ ಹಿಂದಕ್ಕೆಳೆದು ಸೀಟಿನ ಬುಡಕ್ಕೆ ಒತ್ತಿಟ್ಟುಕೊಳ್ಳಬೇಕು. ಅದು ಮುಂದಿದ್ದರೆ ಮೈಭಾರ ವಾಲಿ ಬಲಗಾಲಿನ ಒತ್ತಡ ಏರುಪೇರಾಗುತ್ತದೆ, ಕಂಪ್ಯೂಟರು ಗೊಂದಲಕ್ಕೆ ಬೀಳುತ್ತದೆ. ಇಷ್ಟು ಹೇಳಿ ಕೊನೆಗೆ ಅಂದ:

"ಇನ್ನೊಂದು ಮಾತು. ಇನ್ಮೇಲೆ ನಿಮ್ಮನ್ನ ಬಿಟ್ಟು ಬೇರೆ ಯಾರೂ ಇದನ್ನ ಓಡಿಸ್ಬಾರದು."

ಆ ಮಾತಿಗೆ ನಾನು ಅವನಿಗೆ ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಬಂದೆ. ಶಾಲೆಯ ಮಗುವಿನ ಹಾಗೆ ಕಾಲು ಮಡಚಿ ಕೂರಬೇಕೆಂಬ ವಿಷಯ ಹೇಳಿಕೊಳ್ಳಲು ನಾಚಿಕೆ. ಅದನ್ನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಬೇರೆ ಯಾರೂ ಓಡಿಸಬಾರದಂತೆ ಎಂಬುದನ್ನು ಮಾತ್ರ ಅತ್ತೆಗೆ ಕೇಳುವಂತೆ ಇಡೀ ಮನೆಗೆ ಹೇಳಿದೆ. ಕಾರು ಅಂದಿನಿಂದಲೇ ಸರಿಹೋಯಿತು. ಮೂರನೇ ಗೇರು ಬಂದದ್ದು, ನಾಲ್ಕನೆಯದು ಬಂದದ್ದು ನನಗೇ ತಿಳಿಯುತ್ತಿರಲಿಲ್ಲ. ಕಾರಿಗೂ ಕೊನೆಗೆ ಯಜಮಾನ ಯಾರೆಂದು ಗೊತ್ತಾಯಿತಲ್ಲ ಎಂದು ಎದೆಯುಬ್ಬಿಸಿ ತಿರುಗಿದೆ.

ಹೆಂಡತಿ ಮದುವೆಯೊಂದಕ್ಕೆ ಮೂರಂತಸ್ತಿನ ಕೇಕು ಒಪ್ಪಿಕೊಂಡಿದ್ದಳು. ಅವಳು ಅದುವರೆಗೆ ಮಾಡಿದ್ದರಲ್ಲೇ ದೊಡ್ಡದು. ಕಾರು ಸರಿಯಾಗದಿದ್ದರೆ ಅದನ್ನು ಭಾವನ ಕೈಗೇ ಒಪ್ಪಿಸುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಈಗ ನಾನೇ ಒಯ್ದೆ. ಉಬ್ಬು ತಗ್ಗು, ಸಿಗ್ನಲ್ಲು, ತಿರುವು ಎಲ್ಲ ದಾಟಿ ಹೋಟೆಲಿನ ಹಿಂಬಾಗಿಲಿಗೆ ಮುಟ್ಟಿಸಿದಾಗ ಸಕ್ಕರೆಯ ಒಂದು ಹೂವೂ ಅಲುಗಿರಲಿಲ್ಲ. ಎತ್ತಿಳಿಸಲು ಸಹಾಯವಾಗಲಿ ಎಂದು ಷಡ್ಡಕ ತನ್ನ ಸ್ಕೂಟರಿನಲ್ಲಿ ಬಂದಿದ್ದ. ಕೇಕನ್ನು ಮೇಜಿನ ಮೇಲಿಟ್ಟು, ಹೆಂಡತಿ ಹೂವು ಸರಿಪಡಿಸುತ್ತಿರುವಾಗ ನಾನು ಅವನನ್ನು ಪಕ್ಕಕ್ಕೆ ಕರೆದು ಕೊಚ್ಚಿಕೊಂಡೆ. ಕಂಪ್ಯೂಟರಿಗೆ ನನ್ನ ಕಾಲು ಚೆನ್ನಾಗಿ ಪರಿಚಯವಾಗಿದೆ, ನೀವು ಇನ್ನು ತೊಂದರೆ ತೆಗೆದುಕೊಳ್ಳುವುದು ಬೇಡ ಎಂದೆ. ಅವನು ನಿಜವಾಗಿ ಸಂತೋಷಪಟ್ಟ. ಸಂತೋಷದಲ್ಲೇ ಬಾಯಿ ಜಾರಿತು.

"ಒಳ್ಳೇದಾಯ್ತು. ಎಡಗಾಲು ಹಿಂದಿಟ್ಕೊಂಡು ಕೂರೋದು ಈಗ ಅಭ್ಯಾಸ ಆಗಿರ್ಬೇಕು."

ಅಂದವನ ಮುಖ ತಕ್ಷಣ ಬದಲಾಯಿತು. ಟೇಪು ತರುತ್ತೇನೆ ಎಂದು ಹೊರಗೆ ಹೋದ. ಅಲ್ಲಿ ಟೇಪಿನ ಅಗತ್ಯವೇ ಇರಲಿಲ್ಲ.

ನಾನು ಯಾರಿಗೂ ಹೇಳದ ಮಾತು ಇವನಿಗೆ ಹೇಗೆ ಗೊತ್ತು ಎಂದು ಮೂರಂತಸ್ತಿನ ಆ ಕೇಕಿನ ಮುಂದೆ ಲೆಕ್ಕ ಹಾಕಿದೆ. ಬಸ್ಸಿನಲ್ಲಿ ಜೀವಮಾನವಿಡೀ ಕ್ಲಚ್ಚಿನ ಮೇಲಿದ್ದ ಎಡಗಾಲು ಕಾರಿನಲ್ಲಿ ಕೆಲಸವಿಲ್ಲದೆ ಎಲ್ಲಿಗೆ ಹೋಗಬೇಕು? ಸಿಕ್ಕಿದ ಬ್ರೇಕಿನ ಮೇಲೆ ಹೋಗಿ ಕೂತಿದೆ. ಬಲಗಾಲು ಹೋಗು ಎನ್ನುತ್ತಿದ್ದರೆ ಎಡಗಾಲು ನಿಲ್ಲು ಎನ್ನುತ್ತಿತ್ತು. ಕಾರು ಪಾಪ ಇಬ್ಬರ ಮಾತೂ ಕೇಳಿ ಜಗ್ಗುತ್ತಿತ್ತು. ಪ್ಯಾಡು ಸವೆದದ್ದೂ ಅದಕ್ಕೇ. ಕಂಪ್ಯೂಟರು ಕಲಿತದ್ದು ಏನೂ ಇಲ್ಲ. ಕಲಿಸಿದ್ದು ನನಗೆ, ಅದೂ ನನಗೆ ತಿಳಿಯದ ಹಾಗೆ.

ವಾಪಸು ಬರುವಾಗ ಅವಳು ಮುಂದಿನ ಸೀಟಿನಲ್ಲಿ ಕೂತಿದ್ದಳು. ದಣಿದಿದ್ದಳು, ಮೊಣಕೈಗೆ ಕ್ರೀಮು ಅಂಟಿತ್ತು. ಎಡಗಾಲಿನ ಕಥೆ ಯಾರದು ಎಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ. ಭಾವ ಒಮ್ಮೆ ಸ್ಕೂಟರಿನಲ್ಲಿ ನಮ್ಮ ಹಿಂದೆ ಬರುತ್ತಿದ್ದಾಗ ಬ್ರೇಕಿನ ಕೆಂಪು ದೀಪ ಆರದೇ ಇರುವುದನ್ನು ನೋಡಿದರಂತೆ. ನನಗೇ ಹೇಳಲು ಹೊರಟಿದ್ದರಂತೆ, ಇವಳೇ ತಡೆದಳಂತೆ. ಡಾಕ್ಟರಿಗೆ ಮೊದಲೇ ಫೋನು ಮಾಡಿ ಹೀಗೆ ಹೇಳಿ ಎಂದು ಕಲಿಸಿದ್ದೂ ಇವಳೇ. ಬೇರೆ ಯಾರೂ ಓಡಿಸಬಾರದು ಎಂಬ ಮಾತನ್ನು ಸೇರಿಸಿದ್ದೂ ಇವಳೇ.

"ನೇರವಾಗಿ ಹೇಳೋಕೆ ಏನಾಗಿತ್ತು?" ಎಂದೆ.

"ಭಾವ ಹೇಳಿದ್ರೆ ನೀವು ಆ ಕಾಲು ತೆಗೀತಿದ್ರಾ?"

ತೆಗೆಯುತ್ತಿರಲಿಲ್ಲ. ಅವನು ಹೇಳಿದನೆಂದೇ ಇನ್ನೂ ಒತ್ತಿ ಇಡುತ್ತಿದ್ದೆ. ಗೇರ್‌ಬಾಕ್ಸು ಪುಡಿಯಾಗಿ ರಸ್ತೆಗೆ ಬಿದ್ದರೂ ಸರಿ, ಅವನ ಮಾತು ನಿಜವಾಗಲು ಬಿಡುತ್ತಿರಲಿಲ್ಲ. ಇದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೇಕು ಮುಟ್ಟಿಸುವ ಕೆಲಸ ಪೂರಾ ನಾನೇ ನೋಡಿಕೊಳ್ಳುತ್ತೇನೆ ಎಂದು ಭಾವ ಹೇಳಿದ್ದನ್ನೂ, ಬೇಡ, ನಮ್ಮನೆಯವರೇ ಓಡಿಸಲಿ ಎಂದು ತಾನು ಅಂದದ್ದನ್ನೂ ಅವಳು ಕಿಟಕಿಯ ಕಡೆ ನೋಡುತ್ತಾ ಹೇಳಿದಳು. ಬೇರೆ ಗಂಡಸಾಗಿದ್ದರೆ ಅಷ್ಟಕ್ಕೆ ಕರಗಿ ನೀರಾಗುತ್ತಿದ್ದ. ನನ್ನ ಹೊಟ್ಟೆ ಅಂಥದ್ದಲ್ಲ. ಅವರಿಬ್ಬರೂ ಔಷಧಿ ಅಂಗಡಿಯ ಕಟ್ಟೆಯಲ್ಲಿ ನಿಂತು ನನ್ನ ಕಾಲಿನ ಬಗ್ಗೆ ಮಾತಾಡಿಕೊಂಡ ಚಿತ್ರವೇ ಕಣ್ಣ ಮುಂದೆ ಬರುತ್ತಿತ್ತು.

"ಇದನ್ನೆಲ್ಲ ಮಾತಾಡ್ವಾಗ ಇಬ್ರೂ ನಕ್ಕಿರ್ಬೇಕಲ್ಲ?" ಎಂದೆ.

ಅವಳು ಮೊಣಕೈಯ ಕ್ರೀಮು ಒರೆಸಿಕೊಂಡಳು. ಬೇರೆಯವರಿಂದ ಸುಳ್ಳು ಹೇಳಿಸಬಲ್ಲಳು, ತಾನೇ ಹೇಳಲು ಬರದವಳು.

"ಅವ್ರು ನಗ್ಲಿಲ್ಲ. ನಾನೊಬ್ಳೇ ನಕ್ಕಿದ್ದು."

ಅವಳ ನಗುವನ್ನು ನುಂಗಿಕೊಳ್ಳಬಹುದಿತ್ತು. ಕಟ್ಟಿಕೊಂಡವಳು, ನಗುವ ಹಕ್ಕಿದೆ. ಆದರೆ ಅವನು, ಆ ಬಂಗಾರ, ಅಲ್ಲಿಯೂ ಒಳ್ಳೆಯವನಾಗಿಯೇ ನಿಂತಿದ್ದಾನೆ. ಅವನೂ ನಕ್ಕಿದ್ದರೆ ಎಷ್ಟು ಚೆನ್ನಾಗಿತ್ತು, ನಾನು ಆವತ್ತೇ ಅವನನ್ನು ಕ್ಷಮಿಸಿಬಿಡುತ್ತಿದ್ದೆ.