ಇಡೀ ಬೀದಿಯ ಕಟಿಂಗ್

ಕಟಿಂಗ್ ಅಂಗಡಿಯವನೆಂದರೆ ಬಾಯಿಬಡುಕನೇ ಆಗಿರಬೇಕು ಅಂದುಕೊಂಡವರು ಒಮ್ಮೆ ಮೌನಿಯ ಕುರ್ಚಿಯಲ್ಲಿ ಕೂತು ನೋಡಬೇಕಿತ್ತು. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಆದರೆ ಬೀದಿಗೆ ಬೀದಿಯೇ ಅವನನ್ನು ಮೌನಿ ಎಂದು ಕರೆದು ಮುಗಿಸಿತ್ತು. ಬಂದವರಲ್ಲಿ ಮುಕ್ಕಾಲು ಪಾಲು ಜನ ಅವನ ಕುರ್ಚಿಯಲ್ಲೇ ನಿದ್ದೆ ಹೊಡೆಯುತ್ತಿದ್ದರು. ಕತ್ತರಿಯ ಸದ್ದೊಂದು ಬಿಟ್ಟರೆ ಅವರನ್ನು ಎಚ್ಚರವಾಗಿಡುವಂಥದ್ದು ಅವನ ಕಡೆಯಿಂದ ಏನೂ ಇರಲಿಲ್ಲ.

ಮಾತನ್ನೆಲ್ಲ ಅವನ ತಂಗಿ ಗುತ್ತಿಗೆ ಹಿಡಿದಿದ್ದಳು. ಮದುವೆಯಾಗಿ ಎರಡು ಬೀದಿ ಆಚೆ ಹೋದರೂ ದಿನಕ್ಕೊಮ್ಮೆ ಅಂಗಡಿಗೆ ಬಂದು, ಬೆಂಚಿನ ಮೇಲೆ ಕೂತು ಊರ ಸುದ್ದಿ ಹಂಚದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಅವಳ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಎಲ್ಲ ತಲೆಕೆಳಗಾಯಿತು. ವಾರವಾರವೂ ಡಯಾಲಿಸಿಸ್, ನೀರಂತೂ ಅಳತೆಯ ಲೋಟದಲ್ಲಿ ಗುಟುಕು ಗುಟುಕು. ಬಂದು ಕೂತರೂ ಬಾಯಿ ಒಣಗಿ ನಾಲ್ಕು ಮಾತಿಗೇ ಸುಸ್ತಾಗುತ್ತಿದ್ದಳು. ಅವಳು ಸುಮ್ಮನೆ ಕೂತಿರುವುದನ್ನು ಕನ್ನಡಿಯಲ್ಲಿ ನೋಡಲಾರದೆ ಮೌನಿ ಬೆಂಚನ್ನು ಬೇರೆ ಗೋಡೆಗೆ ಸರಿಸಿದ್ದ.

ಅಣ್ಣನ ಕಿಡ್ನಿ ಹೊಂದುತ್ತದೆ ಎಂದು ಡಾಕ್ಟರಮ್ಮ ಹೇಳಿದಾಗ ಅವನು ಅಲ್ಲೇ ಅಂಗಿ ಬಿಚ್ಚುವವನಂತೆ ಎದ್ದು ನಿಂತ. ಕಿಡ್ನಿಯೇನೋ ಬಿಟ್ಟಿ, ಉಳಿದ ಯಾವುದೂ ಬಿಟ್ಟಿಯಲ್ಲ. ತಂಗಿಯ ಗಂಡ ಸಾಮಾನು ಸಾಗಿಸುವ ತನ್ನ ಗಾಡಿ ಮಾರಿದ. ಮೌನಿಯ ಹೆಂಡತಿ ಯಾರೂ ಕೇಳುವ ಮೊದಲೇ ಬಳೆ ಕಳಚಿಟ್ಟಳು. ಇಷ್ಟಾದರೂ ಕಾಲುಭಾಗ ಕಮ್ಮಿ ಬಿತ್ತು. ಅದನ್ನು ಕಟ್ಟದೆ ಆಪರೇಷನ್ನಿಗೆ ದಿನ ಸಿಗುವಂತಿರಲಿಲ್ಲ.

"ಬೀದಿಯವರನ್ನ ಕೇಳಿ. ಇಷ್ಟು ವರ್ಷ ನಿಮ್ಮ ಕೈಗೆ ತಲೆ ಕೊಟ್ಟವರು ಇಲ್ಲ ಅಂತಾರಾ?" ಎಂದಳು ಹೆಂಡತಿ.

ಮೌನಿ ಕೇಳಲು ಹೊರಟ. ಬ್ರೆಡ್ ಅಂಗಡಿಯ ಅಕ್ಕನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು, ಒಂದು ಬ್ರೆಡ್ ಕೊಂಡು ವಾಪಸಾದ. ಮರುದಿನ ಮನಸ್ಸು ಗಟ್ಟಿಮಾಡಿ ಹೋಗಿ ಎರಡು ಬ್ರೆಡ್ ತಂದ. ಬೀಗ ರಿಪೇರಿಯವನ ಹತ್ತಿರ ಹೋದವನು ಬೇಡದ ಬೀಗವೊಂದನ್ನು ಹಿಡಿದುಕೊಂಡು ಬಂದ. ವಾರ ಕಳೆಯುವಷ್ಟರಲ್ಲಿ ದುಡ್ಡು ಕೂಡುವ ಬದಲು ಖರ್ಚಾಗಿತ್ತು, ಅಡುಗೆಮನೆಯ ಕಪಾಟು ಬ್ರೆಡ್ಡಿನಿಂದ ತುಂಬಿತ್ತು.

ಕಪಾಟು ತೆರೆದು ನೋಡಿದ ತಂಗಿ ಒಣ ಬಾಯಲ್ಲೇ ನಕ್ಕಳು. "ನಿನ್ನ ಬಾಯಿ ನಂಬ್ಕೊಂಡ್ರೆ ನಾನು ಹೋದ ಹಾಗೇ ಲೆಕ್ಕ. ಕೈ ನಂಬ್ತೀನಿ. ಭಾನುವಾರ ಅಂಗಡಿ ತೆಗಿ, ಬಂದವರಿಗೆಲ್ಲ ಕಟಿಂಗ್ ಮಾಡು, ರೇಟು ಹೇಳ್ಬೇಡ. ಬಾಗಿಲಲ್ಲಿ ಡಬ್ಬಿ ಇಟ್ಕೊಂಡು ನಾನು ಕೂರ್ತೀನಿ. ಕೇಳೋ ಕೆಲಸ ನಂದು."

"ನಿಂಗೆ ಸುಸ್ತಾಗುತ್ತೆ."

"ಸುಸ್ತಾದ್ರೆ ಡಬ್ಬಿ ಅಲ್ಲಾಡಿಸ್ತೀನಿ ಬಿಡು."

ಭಾನುವಾರ ಬೆಳಗಾಗುವಷ್ಟರಲ್ಲಿ ಸಾಲು ಬ್ರೆಡ್ ಅಂಗಡಿ ದಾಟಿತ್ತು. ಹಿಂದಿನ ವಾರವಷ್ಟೇ ಕಟಿಂಗ್ ಮಾಡಿಸಿಕೊಂಡವರೂ ಬಂದು "ಇನ್ನೂ ಸ್ವಲ್ಪ ಸಣ್ಣ ಮಾಡು" ಎಂದರು. ಬ್ರೆಡ್ ಅಂಗಡಿಯ ಅಕ್ಕ ಜಡೆಯ ತುದಿ ಮುಂದಕ್ಕೆ ಹಿಡಿದು, "ಇಷ್ಟೇ ಇಷ್ಟು. ಜಾಸ್ತಿ ಹೋದ್ರೆ ಡಬ್ಬಿಗೆ ಹಾಕಿದ್ದನ್ನ ವಾಪಸ್ ತಗೋತೀನಿ" ಎಂದು ಹೆದರಿಸಿದಳು. ಆಮೇಲೆ ದನಿ ತಗ್ಗಿಸಿ, "ಮೊದ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ? ನಾನೋ, ಮನೆಗೆ ನೆಂಟರು ಬಂದಿದ್ದಾರೆ ಅಂದ್ಕೊಂಡೆ" ಎಂದು ಗದರಿದಳು.

ನಿವೃತ್ತ ಮೇಷ್ಟ್ರ ತಲೆಯಲ್ಲಿ ಎರಡು ಕಿವಿಗಳ ಮೇಲೆ ಒಂದೊಂದು ಪುಟ್ಟ ಗುಪ್ಪೆ ಬಿಟ್ಟರೆ ಕೂದಲೇ ಇರಲಿಲ್ಲ. ಅವರೂ ಗಂಭೀರವಾಗಿ ಕುರ್ಚಿ ಏರಿ, "ಹೊಸ ಸ್ಟೈಲ್ ಮಾಡಪ್ಪ" ಎಂದರು. ಮೌನಿ ನಗಲಿಲ್ಲ. ಬಟ್ಟೆ ಹೊದಿಸಿ, ನೀರು ಚಿಮುಕಿಸಿ, ಬೋಳು ನೆತ್ತಿಯ ಮೇಲೆ ಗಾಳಿಯಲ್ಲೇ ಕತ್ತರಿ ಆಡಿಸಿ, ಉಳಿದವರಿಗೆ ಹಿಡಿದಷ್ಟೇ ಹೊತ್ತು ಅವರಿಗೂ ತೆಗೆದುಕೊಂಡ. ಮೇಷ್ಟ್ರು ಒಂದು ನಿದ್ದೆ ಮುಗಿಸಿ ಎದ್ದರು. ಸಂಜೆ ಎದುರು ಸಾಲಿನ ಹೊಸ ಸಲೂನಿನವನೂ ಬಾಗಿಲು ಎಳೆದುಕೊಂಡು ಬಂದು ಕೊನೆಯವನಾಗಿ ಕೂತ. ಪಾಪ, ಅಂದು ಅವನಿಗೆ ಗಿರಾಕಿ ಒಬ್ಬರೂ ಉಳಿದಿರಲಿಲ್ಲ.

ಡಬ್ಬಿ ಸುರಿದು ನೋಡಿದರೆ ಸಾಕಾಗಿ ಮಿಕ್ಕಿತು. ತಂಗಿಯ ಗಂಡ ಗೋಡೆಗೆ ಮುಖ ಮಾಡಿ ಅತ್ತ. ಮೌನಿಯೂ ತುಂಬಿದ ಕಣ್ಣು ಒರೆಸಿಕೊಳ್ಳಲೆಂದು ಬಾಗಿಲಿಗೆ ಬಂದು ಬೀದಿ ನೋಡಿದ. ಓಡಾಡುತ್ತಿದ್ದ ತಲೆಗಳೆಲ್ಲ ಒಂದು ಬಿಡದಂತೆ ಚೊಕ್ಕವಾಗಿದ್ದವು.

"ನಾಳೆಯಿಂದ ನಾನು ಯಾರ ಕೂದಲು ಕತ್ತರಿಸ್ಲಿ?" ಎಂದ.

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಪೆದ್ದಣ್ಣ! ಆಪರೇಷನ್ ಆದ್ಮೇಲೆ ಒಂದೂವರೆ ತಿಂಗಳು ನೀನು ಕತ್ತರಿ ಹಿಡಿಯೋ ಹಾಗಿಲ್ಲ. ಅವರ ಕೂದಲು ಬೆಳೆಯೋದೂ ನೀನು ಏಳೋದೂ ಸರಿಹೋಗುತ್ತೆ."

ಸರಿಹೋಗಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು, ತಂಗಿ ದಿನದಿಂದ ದಿನಕ್ಕೆ ಗೆಲುವಾದಳು. ಮೌನಿಯ ಗಾಯ ಮಾತ್ರ ಕೀವಾಗಿ, ಒಂದೂವರೆ ತಿಂಗಳು ಮೂರಾಯಿತು. ಹಾಸಿಗೆಯಲ್ಲಿ ಬಿದ್ದುಕೊಂಡು ಅವನು ಬೀದಿಯ ಒಂದೊಂದೇ ತಲೆಯನ್ನು ನೆನೆಸಿಕೊಂಡ. ಈಗ ಕಿವಿಗೆ ಬಂದಿರುತ್ತದೆ, ಈಗ ಕಾಲರಿಗೆ ಮುಟ್ಟಿರುತ್ತದೆ, ಈಗ ಎದುರು ಸಲೂನಿನ ಕುರ್ಚಿಯಲ್ಲಿ ಕೂತಿರುತ್ತಾರೆ. ಒಮ್ಮೆ ಬೇರೆ ಕೈಗೆ ಒಗ್ಗಿದ ತಲೆ ತಿರುಗಿ ಬರುವುದಿಲ್ಲ ಎಂದು ಕಸುಬಿನವರೆಲ್ಲ ಬಲ್ಲರು. ಆದರೂ ತಂಗಿ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದಾಗ, ಅಂಗಡಿ ಹೋದರೆ ಹೋಗಲಿ ಅನ್ನಿಸುತ್ತಿತ್ತು.

ಅಂಗಡಿ ತೆಗೆದ ದಿನ ಶಟರ್ ಎತ್ತಲು ಹೆಂಡತಿ ಜೊತೆಗೆ ಬಂದಳು. ತಿರುಗಿ ನೋಡಿದರೆ ಬೆನ್ನ ಹಿಂದೆ ಸಾಲು ನಿಂತಿತ್ತು. ಎಲ್ಲರ ತಲೆಯೂ ಕಾಡು. ಬೀಗ ರಿಪೇರಿಯವನ ಕೂದಲು ಕಾಲರ್ ದಾಟಿ ಇಳಿದಿತ್ತು. ಮೇಷ್ಟ್ರ ಗುಪ್ಪೆಗಳು ಕಿವಿ ಮುಚ್ಚಿದ್ದವು.

"ಎದುರಿಗೆ ಹೋಗಬಾರದಿತ್ತಾ?" ಎಂದ ಮೌನಿ.

"ಬಂದಿದ್ರಪ್ಪ," ಎಂದು ಸಲೂನಿನವನೇ ಸಾಲಿನ ಕೊನೆಯಿಂದ ಕೂಗಿದ. ಅವನದ್ದೂ ಬೆಳೆದಿತ್ತು. "ಕಣ್ಣಿಗೆ ಚುಚ್ಚೋದನ್ನ ಮಾತ್ರ ತೆಗಿ, ಮಿಕ್ಕಿದ್ದು ಅವನಿಗಿರಲಿ ಅಂತ ನನ್ನ ತಲೆ ತಿಂದ್ರು."

ಮೇಷ್ಟ್ರು ಮೊದಲು ಕೂತರು. "ಇವತ್ತು ದುಡ್ಡು ಬೇಡ ಮೇಷ್ಟ್ರೇ" ಎಂದ ಮೌನಿ.

"ಹಾಗಿದ್ರೆ ಎದ್ದು ಹೋಗ್ತೀನಿ. ರೇಟಿಗೆ ರೇಟು, ಕೆಲಸ ನೋಡು."

ಅಷ್ಟರಲ್ಲಿ ಸೋಂಕು ತಗಲದಂತೆ ಮಾಸ್ಕ್ ಕಟ್ಟಿಕೊಂಡು ತಂಗಿ ಬಂದಳು. ಬೆಂಚನ್ನು ತಾನೇ ದರದರ ಎಳೆದು ಕನ್ನಡಿಯೆದುರಿನ ಹಳೆಯ ಜಾಗಕ್ಕೆ ತಂದಳು. ಮಾಸ್ಕ್ ಕೆಳಗಿಳಿಸಿ, ದೊಡ್ಡ ಲೋಟದ ತುಂಬ ನೀರು ಬಗ್ಗಿಸಿಕೊಂಡು, ಗಟಗಟ ಕುಡಿದಳು. ಮತ್ತೊಂದು ಲೋಟ ಬಗ್ಗಿಸಿಕೊಂಡಳು. ಕತ್ತರಿ ನಿಲ್ಲಿಸಿ ಮೌನಿ ಕನ್ನಡಿಯಲ್ಲಿ ಅವಳ ಗಂಟಲು ಏರಿ ಇಳಿಯುವುದನ್ನೇ ನೋಡಿದ. ಆಮೇಲೆ ಅವಳು ಮಾಸ್ಕ್ ಏರಿಸಿ ಬಾಯಿ ತೆಗೆದಳು ನೋಡಿ, ಅಂಗಡಿ ಮುಚ್ಚುವವರೆಗೂ ನಿಲ್ಲಿಸಲಿಲ್ಲ. ಅಂದು ಮೌನಿಯ ಕುರ್ಚಿಯಲ್ಲಿ ಒಬ್ಬರಿಗೂ ನಿದ್ದೆ ಬರಲಿಲ್ಲ.