ದಿವಾದಲ್ಲಿ ಬಿಡದ ಕೈ

ಬದಲಾಪುರದಿಂದ ಹೊರಡುವ ಬೆಳಗಿನ ಮುಂಬೈ ಲೋಕಲ್‌ನ ಹೆಂಗಸರ ಬೋಗಿಗೆ ಒಂದು ಕಾನೂನಿತ್ತು, ಯಾವ ಪುಸ್ತಕದಲ್ಲೂ ಬರೆಯದ್ದು: ನಡುವಿನ ದಿವಾ ನಿಲ್ದಾಣದಲ್ಲಿ ಯಾರನ್ನೂ ಹತ್ತಿಸಬಾರದು. ಬಾಗಿಲಲ್ಲಿ ಕೈಗೆ ಕೈ ಹೆಣೆದು ನಿಂತರೆ ಇರುವೆಯೂ ನುಸುಳದು. ಮಾನಸಿ ಐದು ವರ್ಷದಿಂದ ಆ ಸಾಲಿನಲ್ಲಿದ್ದಳು. ಪಿಎಚ್‌ಡಿ ಮಾಡುವ ಜಾಣೆ. ಆದರೆ ಲೋಕಲ್ ಹತ್ತಿದ ಮೇಲೆ ಜಾಣತನಕ್ಕೆ ಏನು ಕೆಲಸ?

ಆ ಸೋಮವಾರ ಅವಳ ಎದೆಗೆ ಕಟ್ಟಿದ ಚೀಲದಲ್ಲಿ ಸ್ಟೀಲ್ ಟಿಫಿನ್ ಇತ್ತು. ಒಳಗಿದ್ದದ್ದು ಊಟವಲ್ಲ, ಝೀಬ್ರಾ ಮೀನಿನ ಭ್ರೂಣಗಳು. ಘಣಸೋಲಿಯ ಲ್ಯಾಬಿನಲ್ಲಿ ಕರೆಂಟ್ ಕೈಕೊಟ್ಟಿದ್ದರಿಂದ ಮನೆಗೆ ತಂದು ಕಾಪಾಡಿದ್ದಳು. ಬೆಳೆಯುವ ರಕ್ತನಾಳದಲ್ಲಿ ಜೀವಕೋಶಗಳು ಅಂಟುವ ಅಣುಗಳಿಂದ ಒಂದನ್ನೊಂದು ಹಿಡಿದು ಗೋಡೆಯಾಗುತ್ತವೆ. ಹಿಡಿತ ಸಡಿಲಾದರೆ ರಕ್ತ ಸೋರುತ್ತದೆ. ಆದರೆ ಆಗಾಗ ಬಿಟ್ಟು ಹಿಡಿದರೇ ಹೊಸ ಕವಲು ಮೂಡುವುದು. ಎಂದೂ ಬಿಡದಂತೆ ಮಾಡಿದರೆ ಏನಾಗುತ್ತದೆ ಎಂಬುದೇ ಅವಳ ಪ್ರಯೋಗ. ಹತ್ತು ಗಂಟೆಗೆ ಸೂಕ್ಷ್ಮದರ್ಶಕದಡಿ ಇಡದಿದ್ದರೆ ನಾಲ್ಕು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇವತ್ತು ಒಬ್ಬರನ್ನೂ ಬಿಡಬೇಡಿ ಎಂದು ಬಾಗಿಲಿನ ಮುಂದಾಳು ವಿನೋದಕ್ಕನಿಗೆ ಅವಳೇ ಹೇಳಿದ್ದಳು.

ದಿವಾದಲ್ಲಿ ಗುಂಪು ನುಗ್ಗಿತು. ಹೋಟೆಲ್ ಅಡುಗೆಮನೆಯಲ್ಲಿ ಪಳಗಿದ ತೋಳಿನ ವಿನೋದಕ್ಕ ಒಬ್ಬಳ ಜುಟ್ಟು ಹಿಡಿದು ತಿರುಚಿದಳು, ಇನ್ನೊಬ್ಬಳ ಮುಖಕ್ಕೆ ಮೊಣಕೈಯಿಂದ ಗುದ್ದಿದಳು. ಮೂಗು ಒಡೆದು ರಕ್ತ ಹಾರಿತು. ಆ ಮುಖ ಮಾನಸಿಗೆ ಗೊತ್ತಿತ್ತು: ಲ್ಯಾಬಿನಲ್ಲಿ ಅವಳ ಜೊತೆಗೇ ಮೀನು ಸಾಕುವ ಸ್ನೇಹಲ್. ರೈಲು ಹೊರಟಿತ್ತು, ಹುಡುಗಿಯ ಒಂದು ಕಾಲು ಫುಟ್‌ಬೋರ್ಡಿನ ಮೇಲಿತ್ತು.

"ಅಕ್ಕಾ, ನಾ ಸ್ನೇಹಲ್ ಅದೀನ್ರೀ. ಕೈ ಬಿಡ್ರಿ," ಎಂದು ಅವಳು ಮಾನಸಿಯತ್ತ ಕೂಗಿದಳು.

"ಬಿಟ್ರೆ ಎಲ್ಲರೂ ನುಗ್ತಾರೆ ಮಾರಾಯ್ತಿ," ಎಂದಳು ವಿನೋದಕ್ಕ.

ಮಾನಸಿಗೆ ಟಿಫಿನ್ ನೆನಪಾಯಿತು. ಕೈ ಬಿಡಲಿಲ್ಲ. ದಿಕ್ಕು ತೋಚದೆ ಸ್ನೇಹಲ್ ಅವಳ ಮಣಿಕಟ್ಟನ್ನು ಕಚ್ಚಿದಳು. ಹಲ್ಲು ಮೂಳೆಗೆ ತಾಗಿತು. ಆಗ ಮಾನಸಿ, ಹೇಳಲು ನಾಚಿಕೆಯಾಗುತ್ತದೆ, ಕಾಲೆತ್ತಿ ಅವಳ ಹೊಟ್ಟೆಗೆ ಒದ್ದಳು. ಹುಡುಗಿ ಪ್ಲಾಟ್‌ಫಾರ್ಮಿನ ಅಂಚಿಗೆ ಬಡಿದು ಗಾಲಿಗಳ ಕಡೆಗೆ ಜಾರಿದಳು. ಒಂದು ಚೀರು ಕೇಳಿಸಿತು, ಅರ್ಧಕ್ಕೇ ನಿಂತಿತು. ಯಾರೂ ಚೈನ್ ಎಳೆಯಲಿಲ್ಲ. ರೈಲು ಠಾಣೆ ನಿಲ್ದಾಣ ಮುಟ್ಟುವವರೆಗೂ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಹತ್ತಕ್ಕೆ ಗೈಡ್ ವಿಷ್ಣುಮೂರ್ತಿ ಸರ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಒಂದು ಹನಿಯೂ ಸೋರಿರಲಿಲ್ಲ, ಒಂದು ಕವಲೂ ಮೂಡಿರಲಿಲ್ಲ. ಗೋಡೆ ಭದ್ರವಾಗಿತ್ತು, ಮೀನುಗಳು ಸಾಯುತ್ತಿದ್ದವು. ನೀನು ಊಹಿಸಿದ್ದೇ ನಿಜವಾಯಿತು ಎಂದು ಸರ್ ಹಿಗ್ಗಿದರು. ಇದನ್ನು ಸ್ನೇಹಲ್ ನೋಡಬೇಕಿತ್ತು, ಅವಳು ದಿವಾದಲ್ಲಿ ಹತ್ತಲಿಲ್ಲವೇ ಎಂದು ಕೇಳಿದರು.

"ಹತ್ತಿದ್ದಳು ಸರ್," ಎಂದಳು ಮಾನಸಿ. "ನಾನೇ ಒದ್ದು ಕೆಳಗೆ ಹಾಕಿದೆ."