ತೋಳಿನ ಅಳತೆ

ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತ ನನಗೂ ಗೊತ್ತು. ಆದರೂ ಪಟ್ಟೆ, ಬೇಕಾದಷ್ಟು ಪಟ್ಟೆ.

ಶಾಂತಿ ನನ್ನ ಗಂಡ ಬಸವಪ್ರಸಾದರ ಮೊದಲ ಹೆಂಡತಿ. ಚಾಮರಾಜನಗರದ ನಮ್ಮ ಮನೆಯ ನಡುಮನೆಯಲ್ಲಿ ಅವಳ ಫೋಟೋ ಇದೆ. ಹಸಿರು ರೇಷ್ಮೆ ಸೀರೆ, ಮಣಿಕಟ್ಟಿನವರೆಗೂ ತೋಳಿರುವ ರವಿಕೆ. ನಾನು ಮದುವೆಯಾಗಿ ಬರುವ ಎರಡು ವರ್ಷ ಮೊದಲು ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡಳಂತೆ. ಅಲ್ಲಿ ಈಗಲೂ ಅವಳ ಬಳೆ ಸದ್ದು ಕೇಳುತ್ತದೆ ಅಂತ ಅಕ್ಕಪಕ್ಕದವರು ಪಿಸುಗುಟ್ಟುತ್ತಾರೆ. ನನಗಂತೂ ಕೇಳಿಸಿಲ್ಲ. ದೆವ್ವವಾಗಿಯಾದರೂ ಎದುರಿಗೆ ಬಂದಿದ್ದರೆ ಜುಟ್ಟು ಹಿಡಿದು ಎರಡು ಮಾತು ಕೇಳಿರುತ್ತಿದ್ದೆ.

ಸಾರಿಗೆ ಉಪ್ಪು ಹಾಕಿದರೂ ನನ್ನ ಗಂಡನ ಬಾಯಲ್ಲಿ ಅವಳದೇ ಮಾತು. "ಶಾಂತಿ ಒಂದಿನಾನೂ ಎದುರುತ್ತರ ಕೊಟ್ಟೋಳಲ್ಲ. ಅವಳ ಮೊಣಕೈ ಕಂಡೋರಿಲ್ಲ, ಅಂಥಾ ಮರ್ಯಾದಸ್ತೆ." ಹೋದ ವಾರ ಇದಕ್ಕೆ ನಾನು ಮೂತಿ ತಿರುವಿದ್ದೇ ತಡ, ರಟ್ಟೆ ಹಿಡಿದು ಗೋಡೆಗೆ ನೂಕಿದರು. ಗುಂಡ್ಲುಪೇಟೆಯ ತವರಿಗೆ ಫೋನ್ ಮಾಡಿದರೆ ಅಮ್ಮ, "ಗಂಡಸ್ರು ಅಂದ್ಮೇಲೆ ಇದ್ದದ್ದೇ ಕಣಮ್ಮಿ, ಒಂದ್ಕಂಡೋಗು" ಅಂದಳು. ನನಗೂ ಕೋಪ ಬಂದದ್ದು ಅವರ ಮೇಲಲ್ಲ, ಫೋಟೋದಲ್ಲಿ ನಗುತ್ತಿದ್ದವಳ ಮೇಲೆ.

ಮೀರಿಸಿಯೇ ತೋರಿಸುತ್ತೇನೆ ಅಂತ, ಬೀರುವಿನಲ್ಲಿದ್ದ ಅವಳ ರವಿಕೆ ತೆಗೆದುಕೊಂಡು ದಿಲ್ಶಾದಕ್ಕನ ಹೊಲಿಗೆ ಅಂಗಡಿಗೆ ಹೋದೆ.

"ಇಂಥದ್ದೇ ಒಲ್ಕೊಡಿ ಅಕ್ಕ. ಇದುಕ್ಕಿಂತ ಚೆಂದಾಗಿರ್ಬೇಕು."

ರವಿಕೆ ನೋಡಿದ ಕೂಡಲೇ ದಿಲ್ಶಾದಕ್ಕ ಗುರುತು ಹಿಡಿದರು. ಮಿಷನ್ ನಿಲ್ಲಿಸಿ, ಅಳತೆ ಬರೆಯುವ ಹಳೇ ನೋಟ್‌ಬುಕ್ ಹುಡುಕಿ, ಶಾಂತಿಯ ಪುಟ ತೆಗೆದು ನನ್ನ ಮುಂದಿಟ್ಟರು. ಮದುವೆಯಾದ ವರ್ಷ ತೋಳು ಆರು ಇಂಚು. ಮರುವರ್ಷ ಹತ್ತು. ಆಮೇಲೆ ಹದಿನಾಲ್ಕು. ಕೊನೆಯದು ಇಪ್ಪತ್ತೊಂದು, ಕತ್ತು ಮುಚ್ಚುವಂತೆ ಪಟ್ಟಿ ಬೇರೆ.

"ಏಪ್ರಿಲ್ ಬಿಸ್ಲಲ್ಲಿ ಯಾಕಮ್ಮಿ ಇಷ್ಟುದ್ದ ಅಂದೆ. ಅಳತೆ ತಗಳವಾಗ ಕಂಡ್ಬುಡ್ತು, ರಟ್ಟೆಯೆಲ್ಲಾ ನೀಲಿ. ಯಾರ್ಗೂ ಏಳ್ಬ್ಯಾಡಿ ಅಂದ್ಲು. ನಾನೂ ಏಳ್ನಿಲ್ಲ, ತೋಳು ಉದ್ದ ಮಾಡಿ ಒಲ್ಕೊಟ್ಟೆ. ತಪ್ಪು ಮಾಡ್ಬುಟ್ಟೆ."

ನನಗೆ ಮೊದಲು ಬಂದ ಯೋಚನೆ ಹೇಳಿಕೊಳ್ಳಲು ನಾಚಿಕೆ: ಏಟು ತಿನ್ನುವುದರಲ್ಲೂ ಅವಳೇ ಮೊದಲು! ಆಮೇಲೆ ಆ ಕೊನೆಯ ಅಳತೆಯ ಮೇಲೆ ಬೆರಳಿಟ್ಟೆ. ಅವಳು ಬಚ್ಚಲಲ್ಲಿ ತಾನಾಗೇ ಜಾರಿದಳು ಅನ್ನುವುದನ್ನು ನಂಬಲು ಇನ್ನು ನನ್ನಿಂದಾಗಲಿಲ್ಲ.

ದಿಲ್ಶಾದಕ್ಕ ಟೇಪು ಹಿಡಿದು ನನ್ನ ರವಿಕೆಯ ತೋಳು ಮೇಲಕ್ಕೆ ಸರಿಸಿದರು. ನಾಲ್ಕು ಬೆರಳಿನ ಗುರುತು ಹಳದಿಗೆ ತಿರುಗಿತ್ತು. ಅವರು ನೋಟ್‌ಬುಕ್‌ನಲ್ಲಿ ಹೊಸ ಪುಟ ತೆಗೆದರು.

"ತೋಳು ಎಷ್ಟು ಬರೀಲಮ್ಮಿ?"

"ತೋಳೇ ಬ್ಯಾಡ ಕಣಕ್ಕ. ಅದನ್ನ ಆಕ್ಕಂಡೇ ಪೊಲೀಸ್ ಸ್ಟೇಷನ್‌ಗೆ ಓಗ್ತೀನಿ."

"ಒಲಿಯೋಕೆ ನಾಳೆ ಆಯ್ತದೆ," ಅಂದರು ದಿಲ್ಶಾದಕ್ಕ. ಕತ್ತರಿ ತೆಗೆದುಕೊಂಡು, ನಾನು ತೊಟ್ಟಿದ್ದ ರವಿಕೆಯ ತೋಳನ್ನೇ ಹೆಗಲವರೆಗೆ ಕತ್ತರಿಸಿ ಹಾಕಿದರು. ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಅಂಗಡಿ ಬಾಗಿಲು ಎಳೆದರು. "ಬಾ, ಈಗ್ಲೇ ಓಗನ."